ಟ್ರಾಂಬೋನಿನ ಸಮುದ್ರ

"ಈಗ ನೀವು ಕೇಳಲಿರುವ ಟ್ರಾಂಬೋನಿನ ದನಿ, ಅಗಲಿಕೆಯ ನೋವಿನಲ್ಲಿ ಮೊರೆಯುವ ಸಮುದ್ರ" ಎಂದು ನಿರೂಪಕ ಮೈಕಿನಲ್ಲಿ ಹೇಳಿದಾಗ, ಸೊಸೆಯ ಜೊತೆ ಮೊದಲ ಸಾಲಿನಲ್ಲಿ ಕೂತಿದ್ದ ಮುದುಕಿ ಉಕ್ಕಿ ಬಂದ ನಗುವನ್ನು ಕೆಮ್ಮಾಗಿ ತಿರುಗಿಸಿದಳು. ಗತಿಸಿದ ಸಂಗೀತ ಸಂಯೋಜಕರ ನೆನಪಿಗೆಂದು ಜಾಝ್ ವಾದ್ಯವೃಂದದವರು ಇಟ್ಟುಕೊಂಡ ಕಾರ್ಯಕ್ರಮ ಅದು. ಕೊನೆಯ ಕೃತಿ ಅವಳ ಗಂಡನದು.

ಸಮುದ್ರವೂ ಇಲ್ಲ, ಮಣ್ಣೂ ಇಲ್ಲ. ಅದು ಅವಳದೇ ಗೊರಕೆ. ನಿದ್ದೆಗೆಟ್ಟ ಗಂಡ ಮಂಚದ ಮೇಲೇ ಕೂತು ಅದನ್ನು ಸ್ವರಕ್ಕೆ ಹಾಕಿದ್ದ. ಬೆಳಗಾದರೆ ಕಾಫಿ ಕುಡಿಯುತ್ತ ಅಣಕಿಸಿ ತೋರಿಸುತ್ತಿದ್ದ. ಹೊರಗೆ ಯಾರಿಗಾದರೂ ಹೇಳಿದರೆ ಹಜಾರದಲ್ಲಿ ಹಾಸಿಗೆ ಹಾಕಿಕೊಡುತ್ತೇನೆ ಎಂದು ಅವಳು ಹೆದರಿಸಿದ್ದಳು. ಪಾಪ, ಸಾಯುವವರೆಗೂ ಅವನು ಬಾಯಿ ಬಿಡಲಿಲ್ಲ.

ಟ್ರಾಂಬೋನಿನವನು ಉದ್ದನೆಯ ಹಿತ್ತಾಳೆ ಕೊಳವೆಯನ್ನು ಹಿಂದೆ ಮುಂದೆ ಜಾರಿಸುತ್ತ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನುಡಿಸಿದ. ಸುತ್ತಲಿನವರು ಕಣ್ಣು ಮುಚ್ಚಿ ತಲೆದೂಗಿದರು. ಒಬ್ಬಾಕೆ ಕರವಸ್ತ್ರ ತೆಗೆದಳು. ಮುದುಕಿ ಕುರ್ಚಿಯಲ್ಲೇ ಚಡಪಡಿಸಿದಳು. ನಗಲೆಂದೇ ಗಂಡ ಬರೆದದ್ದನ್ನು ಇವರು ಸಾವಿನ ಮನೆಯ ಸಂಗೀತ ಮಾಡಿಬಿಟ್ಟಿದ್ದರು. ಸುಮ್ಮನಿದ್ದರೆ ಇನ್ನು ಎಲ್ಲರೂ ಇದನ್ನು ಹೀಗೇ ನುಡಿಸುತ್ತಾರೆ. ಹೇಳಿದರೆ ತುಂಬಿದ ಸಭೆಯಲ್ಲಿ ತನ್ನ ಮಾನ ಹರಾಜಾಗುತ್ತದೆ.

ಚಪ್ಪಾಳೆ ನಿಂತ ಮೇಲೆ ಅವಳನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟರು. ಅವಳು ಅದನ್ನು ನಿರೂಪಕನ ಕೈಗೇ ವಾಪಸು ತುರುಕಿ, ನೆಟ್ಟಗೆ ಟ್ರಾಂಬೋನಿನವನ ಹತ್ತಿರ ಹೋದಳು. ಅವನ ಮುಂದೆಯೂ ಮೈಕಿತ್ತು.

"ಚೆನ್ನಾಗೇ ನುಡಿಸ್ದೆ ಕಣಪ್ಪ. ಆದ್ರೆ ಇದು ಸಮುದ್ರ ಅಲ್ಲ, ಗೊರಕೆ."

"ಯಾರ ಗೊರಕೆ ಅಮ್ಮ?"

ಮುದುಕಿ ಒಂದು ಕ್ಷಣ ಚಾವಣಿ ನೋಡಿದಳು. "ಇನ್ಯಾರದ್ದು, ನಮ್ಮನೆಯವರದ್ದೇ" ಎಂದಳು.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಏರುವಾಗ ಎಲ್ಲಿ ತಡವರಿಸಬೇಕು, ತುದಿಯಲ್ಲಿ ಉಸಿರು ಹೇಗೆ ಸಿಕ್ಕಿಕೊಳ್ಳಬೇಕು, ಇಳಿಯುವಾಗ ಸಿಳ್ಳೆ ಹೇಗೆ ಬರಬೇಕು ಎಂದು ಗಂಡ ಅಣಕಿಸುತ್ತಿದ್ದ ಹಾಗೇ ಮಾಡಿ ತೋರಿಸಿ, ಕೆಳಗಿಳಿದು ಬಂದು ಕೂತಳು. ಕೃತಿಯನ್ನು ಇನ್ನೊಮ್ಮೆ ನುಡಿಸಿದರು. ನಗು ತಡೆಯಲಾರದೆ ಡ್ರಮ್ಮಿನವನು ತಾಳ ತಪ್ಪಿದ. ಕರವಸ್ತ್ರದಾಕೆಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ಅಲ್ಲೇ ಎಲ್ಲೋ ಕೂತು ನಗುತ್ತಿದ್ದಾನೆ ಅನ್ನಿಸಿ ಮುದುಕಿಯ ಕಣ್ಣು ತುಂಬಿ ಬಂತು.

ಸೊಸೆ ಅವಳ ಕಿವಿಯ ಹತ್ತಿರ ಬಗ್ಗಿದಳು. "ಅತ್ತೆ, ಮಾವ ಹೋಗಿ ಮೂರು ವರ್ಷ ಆಯ್ತಲ್ವಾ?"

"ಆಯ್ತು. ಯಾಕೆ?"

"ಏನಿಲ್ಲ. ನಿಮ್ಮ ಕೋಣೆಯಿಂದ ಅವರ ಗೊರಕೆ ನಿನ್ನೆ ರಾತ್ರೀನೂ ಕೇಳಿಸ್ತು."