ಹನ್ನೆರಡನೇ ನಂಬರಿನ ಗಿರಾಕಿ

"ಸುಳ್ಳು!" ಎಂದು ಮೆಲ್ಪೋ ಮನಸ್ಸಿನಲ್ಲೇ ಕೂಗಿದಳು. ಬಾಯಿಂದ ಬಂದದ್ದು "ಕ್ಷಮಿಸಿ" ಮಾತ್ರ.

ಎದುರಿಗಿದ್ದ ಮೀನುಗಾರ ಝಿಸಿಸ್ ಮೇಜು ಗುದ್ದಿದ. "ಮೂರು ತಿಂಗಳೂ ನಿಮ್ಮಂಗಡಿ ಬಾಕಿ ಬ್ಯಾಂಕಿಗೆ ಕಟ್ಟಿದೀನಿ ಕಣಮ್ಮ! ರಸೀದಿ ನೀರಲ್ಲಿ ನೆಂದುಹೋಯ್ತು, ಅಷ್ಟೆ. ನಾಳೆ ಬೂತಾಯಿ ಹಂಗಾಮು ಶುರು. ಬಲೆ ಇಲ್ಲದೆ ಹೋಗಿ ಮೀನನ್ನ ಹೆಸರು ಹಿಡಿದು ಕರೀಲಾ?"

ಕವಾಲಾ ಬಂದರಿನ ಆ ಬಲೆ ಅಂಗಡಿಯಲ್ಲಿ ಎಲ್ಲವೂ ಸಾಲದ ವ್ಯಾಪಾರ. ಮುಖ್ಯ ಪುಸ್ತಕದಲ್ಲಿ ಗಿರಾಕಿಗಳ ಬಾಕಿಯೆಲ್ಲ ಸೇರಿ ಒಂದೇ ಮೊತ್ತ. ಯಾರದೆಷ್ಟು ಎಂಬುದಕ್ಕೆ ತಗಡಿನ ಪೆಟ್ಟಿಗೆಯಲ್ಲಿ ತಲೆಗೊಂದು ಕಾರ್ಡು, ಅದೇ ಉಪಖಾತೆ. ಯಜಮಾನ ಸ್ತೆರ್ಗಿಯೋಸ್ ಬರೆಯುವ ಬಿಲ್ಲಿನಲ್ಲಿ ಕಾರ್ಡಿನ ನಂಬರಿರುತ್ತಿತ್ತು. ಬ್ಯಾಂಕಿನ ಜಮಾ ಪಟ್ಟಿಯಲ್ಲಿ ಬರೀ ಹೆಸರು. ಎರಡನ್ನೂ ಕಾರ್ಡಿಗೇರಿಸುವ ಕೆಲಸ ನಾಲ್ಕು ತಿಂಗಳಿಂದ ಮೆಲ್ಪೋಳದು. ಪದವಿಯಲ್ಲಿ ಲೆಕ್ಕಶಾಸ್ತ್ರಕ್ಕೆ ಹತ್ತಕ್ಕೆ ಒಂಬತ್ತು. ಜನರೊಡನೆ ಮಾತಾಡುವುದಕ್ಕೆ, ಡೈರಿಯಲ್ಲಿ ಅವಳೇ ಕೊಟ್ಟುಕೊಂಡಂತೆ, ಎರಡು.

"ಏನಮ್ಮ, ನಿನ್ನ ಲೆಕ್ಕ ಏನನ್ನತ್ತೆ?" ಯಜಮಾನ ಕೇಳಿದ.

"ಎಲ್ಲ ಕಾರ್ಡುಗಳ ಮೊತ್ತ ಮುಖ್ಯ ಪುಸ್ತಕಕ್ಕೆ ತಾಳೆಯಾಗಿದೆ ಯಜಮಾನ್ರೇ. ಒಂದು ದ್ರಾಖ್ಮಾನೂ ಆಚೀಚೆ ಇಲ್ಲ. ನಲವತ್ತೊಂದನೇ ಕಾರ್ಡಿಗೆ, ಅಂದ್ರೆ ಇವರದಕ್ಕೆ, ಜಮಾನೇ ಬಂದಿಲ್ಲ."

"ಹಾಗಾದ್ರೆ ಬಲೆ ಇಲ್ಲ, ಝಿಸಿಸ್."

ಝಿಸಿಸ್ ಟೋಪಿ ತೆಗೆದ. "ದೋಣಿ ಹತ್ರ ನಾಲ್ಕು ಜನ ಕಾಯ್ತಿದಾರಣ್ಣ. ಅವರ ಮನೆ ಒಲೆ ಉರೀಬೇಕು."

ಗೆದ್ದವರಿಗೆ ಸುಮ್ಮನಿರಲು ಬರಬೇಕು. ಮೆಲ್ಪೋಗೆ ಗೆದ್ದು ಅಭ್ಯಾಸವಿರಲಿಲ್ಲ.

"ಹನ್ನೆರಡನೇ ನಂಬರಿನವರನ್ನ ನೋಡಿ ಕಲೀರಿ," ಎಂದಳು. "ತಿಂಗಳು ತಪ್ಪದೆ ದುಡ್ಡು. ಅದೂ ಸರಕು ಮುಟ್ಟೋಕೆ ಮೊದಲೇ!"

ಆ ಗಿರಾಕಿಯ ಬಗ್ಗೆ ಡೈರಿಯಲ್ಲಿ ಎರಡು ಪುಟಗಳಿದ್ದವು. ಅಂಗಡಿಗೆ ಬಂದವನಲ್ಲ, ಫೋನ್ ಮಾಡಿದವನಲ್ಲ, ತಕರಾರು ತೆಗೆದವನಲ್ಲ. ಮುಖ ಕೆಂಪಾಗದೆ ಅವಳು ವ್ಯವಹರಿಸಬಲ್ಲ ಏಕೈಕ ಗಂಡಸು. ವಯಸ್ಸು ಮೂವತ್ತರೊಳಗೆ ಎಂದು ಅವಳೇ ತೀರ್ಮಾನಿಸಿಯೂ ಆಗಿತ್ತು.

"ಹನ್ನೆರಡಾ?" ಯಜಮಾನ ಕಾರ್ಡು ಎಳೆದ. ನೋಡಿದ. ಝಿಸಿಸನತ್ತ ತಿರುಗಿಸಿದ. ಝಿಸಿಸ್ ಓದಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

"ಬ್ಯಾಂಕಿನ ಪಟ್ಟೀಲಿ 'ಝಿಸಿಸ್ ಕರಾವಿದಾಸ್' ಅಂತಿದ್ರೆ ಯಾವ ಕಾರ್ಡಿಗೆ ಏರಿಸ್ತಿದ್ದೆ ತಾಯಿ?" ಯಜಮಾನ ಕೇಳಿದ.

"ಪೆಟ್ಟಿಗೇಲಿ ಮುಂದೆ ಇದ್ದದ್ದಕ್ಕೆ..." ಅವಳ ದನಿ ಇಳಿಯಿತು. "ಆ ಹೆಸರಿನವು ಎರಡಿವೆ, ನಿಜ. ಮೊದಲ ಮೊಮ್ಮಕ್ಕಳಿಗೆಲ್ಲ ತಾತನ ಹೆಸರೇ ಇಡ್ತಾರಲ್ಲ... ಹನ್ನೆರಡನೆಯವರು ಇವರ ಚಿಕ್ಕಪ್ಪನ ಮಗ ಅಂದ್ಕೊಂಡೆ. ಕಟ್ಟೋರು ಅವರೇ ಅಂತ..."

ಯಜಮಾನ ಬಲೆಯ ಕಟ್ಟನ್ನು ತಾನೇ ಹೊತ್ತು ತಂದು ಝಿಸಿಸನ ಹೆಗಲಿಗೇರಿಸಿದ. "ಒಂದು ಕಾಸೂ ಬಾಕಿ ಇಡದೆ ಹೋದ ಒಬ್ಬನೇ ಗಿರಾಕಿ," ಎಂದು ಗೊಣಗಿದ. "ಕಾರ್ಡು ತೆಗೆದುಹಾಕೋಕೆ ಮನಸ್ಸೇ ಬರ್ಲಿಲ್ಲ."

"ಚಿಕ್ಕಪ್ಪನ ಮಗ ಅಲ್ಲ ಕಣಮ್ಮ, ಹೆಸರು ಕೊಟ್ಟ ತಾತಾನೇ ಅವರು," ಎಂದ ಝಿಸಿಸ್, ಬಾಗಿಲಲ್ಲಿ ನಿಂತು. "ಮಣ್ಣು ಮಾಡಿ ಹನ್ನೊಂದು ವರ್ಷ ಆಯ್ತು."