ಆಚೆ ದಡದ ಹೊಗೆ

ಮಾಳಿಗೆಯ ಬಿಸಿಲಿನಲ್ಲಿ ಸಾಲಾಗಿಟ್ಟ ಮಣ್ಣಿನ ತಟ್ಟೆಗಳ ಮೇಲೆ ದಮಿಯಾನ ಇಪ್ಪತ್ತಮೂರನೆಯ ರೊಟ್ಟಿಯ ಹಿಟ್ಟು ಉಬ್ಬಲೆಂದು ತಟ್ಟಿಡುತ್ತಿದ್ದಾಗ ಕೆಳಗಿನ ಓಣಿಯಲ್ಲಿ ಕೋಲು ಕುಟ್ಟಿದ ಸದ್ದಾಯಿತು. ಬಗ್ಗಿ ನೋಡಿದಳು. ತಾಸೋನಿ ಇರೀನಿ. ಚರ್ಚಿನ ಮಕ್ಕಳಿಗೆ ಪಾಠ ಹೇಳುವ ಅಕ್ಕಂದಿರನ್ನು ಊರೆಲ್ಲ ತಾಸೋನಿ ಎಂದೇ ಕರೆಯುತ್ತದೆ. ಎಪ್ಪತ್ತು ದಾಟಿದ ಮೇಲೂ ಇರೀನಿಗೆ ಅದೇ ಹೆಸರು.

"ಮೇಲೆ ಬನ್ನಿ ತಾಸೋನಿ, ಚಹಾ ಕುಡೀರಿ."

"ಮೆಟ್ಟಿಲು ಹತ್ತೋ ಮೊಣಕಾಲಿದ್ದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ದೋಣಿ ಹತ್ತೋಕೂ ಆಗ್ತಿಲ್ಲ ನಂಗೆ. ಇವತ್ತು ನದಿ ಆಚೆ ದಡದ ಕಲ್ಲುಗಣಿ ಕೇರಿಗೆ ನೀನು ಹೋಗು. ಪಾಠಕ್ಕೆ ಮಕ್ಕಳು ಕಾಯ್ತಿರ್ತಾರೆ."

ದಮಿಯಾನಳ ಕೈ ಹಿಟ್ಟಿನ ಮೇಲೇ ನಿಂತಿತು. ಮೂರು ಭಾನುವಾರಗಳಿಂದ ಆರಾಧನೆಯ ನಡುವೆ, ಹೊರಡು, ಹೋಗಿ ಹೇಳು ಎಂದು ಯಾರೋ ತನ್ನೊಬ್ಬಳಿಗೇ ಹೇಳಿದಂತಾಗುತ್ತಿತ್ತು. ಪ್ರತಿ ಸಲವೂ ಅವಳು ಮಗಳ ಜಡೆ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದ್ದಳು. ಗಂಡನಿಗೂ ಹೇಳಿರಲಿಲ್ಲ.

"ನಾನಾ? ನಂಗೆ ಓದೋಕೇ ಬರಲ್ವಲ್ಲ."

"ಕತೆ ಹೇಳೋಕೆ ಬರುತ್ತಲ್ಲ. ರಾತ್ರಿ ನಿನ್ನ ಮಕ್ಕಳಿಗೆ ಹೇಳೋದು ಓಣಿಗೆಲ್ಲ ಕೇಳುತ್ತೆ." ಇರೀನಿ ಕೋಲಿಗೆ ಒರಗಿದಳು. "ಅಲ್ಲಿ ಚರ್ಚಿಲ್ಲ, ಪಾದ್ರಿ ಹೋಗೋದು ಹಬ್ಬಕ್ಕೊಂದ್ಸಲ. ಆ ಮಕ್ಕಳ ಮಣಿಕಟ್ಟಲ್ಲಿ ಶಿಲುಬೆ ಹಚ್ಚೆ ಇದೆ ದಮಿಯಾನ. ಅದು ಯಾರ ಗುರುತು ಅಂತ ಕೇಳಿದ್ರೆ ಇನ್ನೂ ಮಿಕಿಮಿಕಿ ನೋಡ್ತವೆ."

"ನಂದೇ ಮೂರು ಮಕ್ಕಳಿದಾವೆ. ಚಿಕ್ಕದಂತೂ ಮಾಳಿಗೆ ಅಂಚಿಗೇ ಓಡುತ್ತೆ. ಹಿಟ್ಟು ಉಬ್ಬಿದ ಮೇಲೆ ಬೇಯಿಸದಿದ್ರೆ ಹುಳಿಯಾಗುತ್ತೆ. ಮನೆ ಮಕ್ಕಳನ್ನ ಬಿಟ್ಟು ಊರ ಮಕ್ಕಳ ಹಿಂದೆ ಹೋಗು ಅಂತ ದೇವರು ಹೇಳ್ತಾನಾ, ನೀವೇ ಹೇಳಿ."

"ಅದು ನಂಗೊತ್ತಿಲ್ಲಮ್ಮ. ದೋಣಿ ಹತ್ತು ಗಂಟೆಗೆ ಅನ್ನೋದು ಗೊತ್ತು."

ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಹರವುತ್ತಿದ್ದ ಉಮ್ಮ್ ಸಾಬಿರ್ ಹಗ್ಗದ ಸಂದಿಯಿಂದ ಮುಖ ತೂರಿಸಿದಳು. "ಅರ್ಧ ಊರಿಗೆ ಕೇಳೋ ಹಾಗೆ ಕೂಗಾಡ್ತಿದೀರಿ, ನನ್ನನ್ನ ಮಾತ್ರ ಕೇಳೋರಿಲ್ಲ. ಹೋಗೇ. ನಿನ್ನ ರೊಟ್ಟಿ ನಾನು ಬೇಯಿಸ್ತೀನಿ. ನಮ್ಮ ಯಜಮಾನ್ರು ಶುಕ್ರವಾರದ ನಮಾಜು ಮುಗಿಸಿ ಬರೋಷ್ಟರಲ್ಲಿ ಆಗಿರುತ್ತೆ."

"ನೀನಾ? ಹೋದ ತಿಂಗಳು ಒಂದು ಒಲೆ ರೊಟ್ಟಿ ಪೂರ್ತಿ ಕರಕಲು ಮಾಡಿದ್ದೆ."

"ಹಾಗಾದ್ರೆ ಇವತ್ತು ಕರಕಲೇ ತಿನ್ನು. ಮಕ್ಕಳನ್ನ ಈ ಕಡೆ ಕಳಿಸು. ರೊಟ್ಟಿ ಮೇಲೆ ನಿನ್ನ ಶಿಲುಬೆ ಮಾತ್ರ ನೀನೇ ಗೀರಿ ಹೋಗು, ನಂದು ಸೊಟ್ಟ ಬರುತ್ತೆ."

ದಮಿಯಾನ ಖರ್ಜೂರದ ಮರದ ಮುಳ್ಳು ತೆಗೆದುಕೊಂಡು ಇಪ್ಪತ್ತಮೂರು ರೊಟ್ಟಿಗಳ ಮೇಲೂ ಗೀರಿದಳು. ಕೊನೆಯವು ಅವಳವೂ ಸೊಟ್ಟಗಾದವು. ಕೆಳಗಿಳಿದಾಗ ಇರೀನಿ ಅವಳ ಕಿವಿಯ ಬಳಿ ಹೇಳಿದಳು: "ಬರ್ಬಾರ ಅಂತ ಒಬ್ಬಳಿದಾಳೆ, ಮೇಕೆ ಕಾಯೋಳು. ಹಿಂದೆ ಬಂಡೆ ಮೇಲೆ ಕೂರ್ತಾಳೆ. ಎರಡು ವರ್ಷದಿಂದ ಏನೋ ಕೇಳೋಕೆ ಬಾಯಿ ತೆರೀತಾಳೆ, ಮುಚ್ಚಿಬಿಡ್ತಾಳೆ. ಅವಸರ ಮಾಡ್ಬೇಡ. ಕಾಯಿ."

ಅವಳು ದೋಣಿಯಿಳಿದು ಹೋದಾಗ ಗಣಿಯ ಗೋಡೆಯ ನೆರಳಲ್ಲಿ ಹನ್ನೊಂದು ಮಕ್ಕಳು ಕೂತಿದ್ದರು. ತಲೆಗೂದಲೆಲ್ಲ ಕಲ್ಲಿನ ಪುಡಿ. ಬಂಡೆಯ ಮೇಲೆ ಹನ್ನೆರಡನೆಯವಳು, ಕೈಯಲ್ಲಿ ಕೋಲು. "ಪುಸ್ತಕ ಎಲ್ಲಿ?" ಎಂದಿತು ಒಂದು ಮಗು. "ಇರೀನಿ ತಾಸೋನಿ ಬಿಟ್ರೆ ಉಳಿದೋರ ಹಾಗೆ ಇವರೂ ಎರಡು ವಾರ ಬಂದು ಬಿಟ್ಟುಬಿಡ್ತಾರೆ ನೋಡು" ಎಂದಿತು ಇನ್ನೊಂದು, ಕೇಳಿಸುವ ಹಾಗೆಯೇ. ದೋಣಿಯಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತೆಲ್ಲ ದಮಿಯಾನಳಿಗೆ ಮರೆತುಹೋಯಿತು. ಬೆರಳ ಸಂದಿಯಲ್ಲಿ ಒಣಗಿದ ಹಿಟ್ಟನ್ನು ಉಜ್ಜುತ್ತ ಸುತ್ತ ನೋಡಿದಳು. ಮೇಕೆಗಳು ಕಂಡವು.

"ಕುರಿ ಕಾಯೋನು ಒಬ್ಬ ಇದ್ದ. ಅವನ ಹತ್ರ ನೂರು ಕುರಿ."

"ನೂರಾ! ಅವನು ಕುರಿ ಕಾಯೋನಲ್ಲ, ದೊಡ್ಡ ಸಾಹುಕಾರ, ಪಾಶಾ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. "ಆಯ್ತಪ್ಪ, ಪಾಶಾ. ಸಂಜೆ ಎಣಿಸ್ತಾನೆ, ತೊಂಬತ್ತೊಂಬತ್ತು! ಮತ್ತೆ ಎಣಿಸ್ತಾನೆ, ಅಷ್ಟೇ. ಒಂದು ಕಾಣಿಸ್ತಿಲ್ಲ. ಉಳಿದವನ್ನೆಲ್ಲ ಬಯಲಲ್ಲೇ ಬಿಟ್ಟು ಆ ಒಂದನ್ನ ಹುಡುಕ್ಕೊಂಡು ಹೊರಟ. ಕಲ್ಲು, ಮುಳ್ಳು, ಯಾವುದನ್ನೂ ನೋಡಲಿಲ್ಲ. ಎಲ್ಲಿ, ಎಲ್ರೂ ಮಣಿಕಟ್ಟು ತೋರಿಸಿ. ಈ ಗುರುತು ಇದೆಯಲ್ಲ, ಇದು ಅವನದು. ಅವನು ಹುಡುಕ್ತಿರೋದು ನಿಮ್ಮನ್ನೇ."

ಹನ್ನೊಂದು ಕೈಗಳು ಮೇಲೆದ್ದವು. ಒಬ್ಬ ಉಗುಳು ಹಚ್ಚಿ ತನ್ನ ಶಿಲುಬೆಯ ಮೇಲಿನ ಧೂಳು ಒರೆಸಿಕೊಂಡ.

ಬಂಡೆಯ ಮೇಲಿನ ಕೈ ಏಳಲಿಲ್ಲ. ಬರ್ಬಾರಳ ಬಾಯಿ ತೆರೆಯಿತು, ಮುಚ್ಚಿತು. ತಾನು ದಿಟ್ಟಿಸಿದರೆ ಹುಡುಗಿ ಹೆದರಿಯಾಳೆಂದು ದಮಿಯಾನ ನದಿಯ ಕಡೆ ತಿರುಗಿ ಕಾದಳು. ಆಚೆ ದಡದಲ್ಲಿ, ಪಾರಿವಾಳ ಸಾಕುವ ಮಣ್ಣಿನ ಗೋಪುರದ ಪಕ್ಕ, ತನ್ನ ಮನೆಯ ಮಾಳಿಗೆಯಿಂದ ತೆಳ್ಳನೆಯ ಹೊಗೆ ನೆಟ್ಟಗೆ ಏಳುತ್ತಿತ್ತು. ಉಮ್ಮ್ ಸಾಬಿರ್ ಒಲೆ ಹಚ್ಚಿದ್ದಳು.

"ತಾಸೋನಿ."

ದಮಿಯಾನಳನ್ನು ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ತಿರುಗಿದಳು. ಬರ್ಬಾರ ಬಂಡೆಯಿಂದ ಇಳಿದು ನಿಂತಿದ್ದಳು. ಒಂದು ಕಣ್ಣು ಇನ್ನೂ ತನ್ನ ಮೇಕೆಗಳ ಮೇಲೆಯೇ ಇತ್ತು.

"ಹಾಗಾದ್ರೆ ಅವನು ಬರೋವರೆಗೂ ಆ ತೊಂಬತ್ತೊಂಬತ್ತನ್ನ ಯಾರು ನೋಡ್ಕೊಂಡ್ರು?"