ಕಂದಕದ ಆ ಕಡೆ

ಜೆಸಿಬಿಯ ಬಕೆಟ್ಟು ಅವರೆ ಸಾಲಿನ ಮೇಲೆ ಇಳಿಯುವಷ್ಟರಲ್ಲಿ ಮಲ್ಲಾಜಮ್ಮ ಓಡಿ ಬಂದು ಅದರ ಕೆಳಗೇ ನಿಂತಳು. ಡ್ರೈವರ್ ಬೈಯುತ್ತ ಎಂಜಿನ್ ಆರಿಸಿದ. ಆನೆ ತಡೆಯಲು ಕಂದಕ ಬೇಕೆಂದು ಹಂಗಳದ ಕಾಡಂಚಿನವರು ಹತ್ತು ವರ್ಷ ಅರ್ಜಿ ಕೊಟ್ಟಿದ್ದರು. ಆಕೆಯೂ ಹೆಬ್ಬೆಟ್ಟು ಒತ್ತಿದ್ದಳು. ಈಗ ಗುತ್ತಿಗೆದಾರ ಎಳೆಸಿದ ಸುಣ್ಣದ ಗೆರೆ ಅವಳ ಮನೆಯ ಮುಂದೆಯೇ ಹಾದು ಹೋಗಿತ್ತು. ಊರು ಈಚೆ, ಮಲ್ಲಾಜಮ್ಮನ ಮನೆ ಆನೆಗಳ ಜೊತೆ ಆಚೆ.

"ಊರ್ನೆಲ್ಲ ಉಳ್ಸಿ ನನ್ನೊಬ್ಳ್ನ ಆನೆ ಬಾಯ್ಗೆ ಬುಟ್ಟೋಯ್ತಿದ್ದೀರಾ?" ಎಂದು ಸರ್ವೆ ಮಾಡುವ ಸಿದ್ದಾರ್ಥನ ಮೇಲೆ ಹರಿಹಾಯ್ದಳು.

"ನಾನೇನ್ ಮಾಡ್ಲವ್ವ, ಕಾಡಿನ ಗಡಿ ಇಲ್ಲೇ ಅದೆ. ಜಿಪಿಎಸ್ಸು ಮೂರ್ ಮೀಟ್ರೂ ತಪ್ಪಕಿಲ್ಲ."

ಚಾಮರಾಜನಗರದಲ್ಲಿ ಮೂರು ದಿನ ತರಬೇತಿ ಪಡೆದು ಬಂದವನಿಗೆ ಎಲ್ಲಿಲ್ಲದ ಧೈರ್ಯ. ಮೂವತ್ತು ವರ್ಷ ತನ್ನ ಮನೆಯ ಹಿಂದಿನ ಕಾಡಿನ ಗಡಿಕಲ್ಲಿನ ಪಕ್ಕ ದನ ಮೇಯಿಸಿದವಳ ಮಾತಿಗೆ ಮಾತ್ರ ಕವಡೆ ಕಿಮ್ಮತ್ತಿಲ್ಲ.

"ನಿನ್ ನಕ್ಸೇಲಿ ಬಸಪ್ಪನ ಗುಡಿ ಅದಾ?"

"ಅದೆ."

"ಅಂಗಾದ್ರೆ ಓಗಿ ಗುಡಿ ಮೆಟ್ಲ ಮ್ಯಾಲ್ ನಿಂತ್ಕೊ. ನೀನೆಲ್ಲಿದ್ದೈ ಅಂತ ನಿನ್ ಮಿಷಿನ್ನೇ ಯೋಳ್ಲಿ."

ಸಿದ್ದಾರ್ಥ ಗೊಣಗುತ್ತ ಹೋಗಿ ನಿಂತ. ಪರದೆಯ ಮೇಲಿನ ನೀಲಿ ಚುಕ್ಕೆ ಗುಡಿಯಿಂದ ಇನ್ನೂರು ಮೀಟರ್ ಆಚೆ, ಕೆರೆಯ ನಡುನೀರಿನಲ್ಲಿತ್ತು. ಅವನ ಮುಖ ಸಪ್ಪಗಾಯಿತು. ಹಳೆಯ ನಕ್ಷೆ ಮಾಡಿದವರು ಭೂಮಿಯನ್ನು ಅಳೆದ ಲೆಕ್ಕವೇ ಬೇರೆ, ಉಪಗ್ರಹದ ಲೆಕ್ಕವೇ ಬೇರೆ. ಆ ಲೆಕ್ಕಕ್ಕೆ ಡೇಟಮ್ ಅನ್ನುತ್ತಾರೆಂದು ತರಬೇತಿಯಲ್ಲಿ ಹೇಳಿದ್ದರು. ಇವನು ಅದನ್ನು ಬದಲಾಯಿಸದೆ ಹಳೆಯ ನಕ್ಷೆಯ ಅಂಕಿಗಳನ್ನು ಹಾಗೇ ಯಂತ್ರಕ್ಕೆ ತುಂಬಿಸಿದ್ದ. ಈಗ ಎರಡು ಗುಂಡಿ ಒತ್ತಿದ. ನಕ್ಷೆಯ ಗುಡಿ ಸರಿದು ಚುಕ್ಕೆಯ ಕೆಳಗೆ ಬಂತು, ಕಾಡಿನ ಗಡಿಯೂ ಸರಿದು ಅವಳ ಮನೆಯ ಹಿಂದಕ್ಕೆ ಹೋಯಿತು. ಇಷ್ಟಕ್ಕೆ ಒಂದು ಸಂಸಾರ ಆನೆಯ ಪಾಲಾಗುವುದರಲ್ಲಿತ್ತು.

ಜೆಸಿಬಿಯ ಹತ್ತಿರ ವಾಪಸು ಬಂದು, ಮಲ್ಲಾಜಮ್ಮನ ಎದುರೇ ಗುತ್ತಿಗೆದಾರನಿಗೆ ಫೋನ್ ಮಾಡಿ, ಮಲ್ಲಾಜಮ್ಮ ಕೆಲಸ ನಿಲ್ಲಿಸಿದ್ದಾಳೆ, ಗೆರೆಯೇ ತಪ್ಪಾಗಿದೆ ಸಾರ್ ಅಂದ. ಗಾಬರಿಯಲ್ಲಿ ಸ್ಪೀಕರ್ ಒತ್ತಿದ್ದು ಅವನಿಗೆ ಗೊತ್ತಾಗಲಿಲ್ಲ.

"ಆಯಮ್ಮನ ಮನೆ ಒಂದನ್ನ ಬಳಸ್ಕೊಂಡು ಹೋಗಯ್ಯ," ಎಂದಿತು ಆ ಕಡೆಯ ದನಿ. "ಹೋದ ವಾರ ತೋಡಿದ ಕಡೆ ನಾಲ್ಕು ಮನೆ ಆಚೆ ಬಿದ್ದಿದಾವಲ್ಲ, ಅವುಗಳ ಸುದ್ದಿ ಎತ್ತಬೇಡ. ಅವರು ಯಾರೂ ಕೇಳಿಲ್ಲ."

ಸಿದ್ದಾರ್ಥ ಫೋನ್ ಜೇಬಿಗೆ ಹಾಕಿಕೊಂಡ. ತಲೆ ಎತ್ತದೆ, "ನಿಂದ್ ಸರೋಯ್ತಲ್ಲವ್ವ, ಮನ್ಗೋಗು" ಅಂದ.

ಮಲ್ಲಾಜಮ್ಮನಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜೆಸಿಬಿಯ ಬಕೆಟ್ಟಿನೊಳಗೆ ಹತ್ತಿ ಚಕ್ಕಂಬಕ್ಕಳ ಹಾಕಿ ಕೂತಳು.

"ಆ ನಾಕ್ರಲ್ಲಿ ಮೊದ್ಲ ಮನೆ ಕರಿಬಸಮ್ಮಂದು. ಅಲ್ಲಿಗ್ ನಡಿ. ತೋಡಿರೋದ್ನ ಮುಚ್ಚಿ, ಅಲ್ಲಿಂದ ಮನೆಗಳ್ ಹಿಂದ್ಕೆ ತೋಡ್ಕೊಂಡ್ ಬಾ, ಆಮೇಲ್ ನನ್ ಮನೆ."